ಖಲಂದರ್ ಬೆಲೆ ಕಟ್ಟದ ಗಾಡಿ

ಆ ಕಾರು ಬಂದದ್ದು ಯಾರಿಗೂ ಕೇಳಿಸಲಿಲ್ಲ.

ಶಮಾಳಿಗೆ ಇದು ಹೊಸದಲ್ಲ. ಅವಳ ಕಾರು ಎಲ್ಲಿಗೆ ಹೋದರೂ ಹೀಗೆಯೇ... ಮೊದಲು ಯಾರಾದರೂ ಬೆಚ್ಚುತ್ತಾರೆ, ತಿರುಗಿ ನೋಡುತ್ತಾರೆ, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಅದು 2008ರ ಬೇಸಿಗೆ. ಬಳ್ಳಾರಿಯ ಅದಿರಿನ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲ. ಕೌಲ್ ಬಜಾರಿನ ಗಲ್ಲಿಯ ಮೇಲೆ ನಡು ಮಧ್ಯಾಹ್ನವೇ ಕೆಂಪು ಧೂಳು ಕವಿದು, ಸೂರ್ಯ ಬೂದಿಯೊಳಗಿನ ಕೆಂಡದಂತೆ ಕಾಣುತ್ತಿದ್ದ. ವೆಲ್ಡಿಂಗಿನ ಕಿಡಿ, ಸುತ್ತಿಗೆಯ ಪೆಟ್ಟು, ಆಟೋಗಳ ಹಾರ್ನು... ಇದೆಲ್ಲದರ ನಡುವೆ ಒಬ್ಬ ಮನುಷ್ಯ ಮಾತ್ರ ಟಿಪ್ಪರ್ ಲಾರಿಯೊಂದರ ಮುಂದೆ ಕಣ್ಣು ಮುಚ್ಚಿ ನಿಂತಿದ್ದ.

ನಮಾಜಿಗೆ ನಿಂತವನ ಹಾಗೆ!

'ಇವನೇ ಖಲಂದರ್ ಇರಬೇಕು,' ಅಂದುಕೊಂಡಳು ಶಮಾ. ಹಳೆಯ ಗಾಡಿಗಳಿಗೆ ಬೆಲೆ ಕಟ್ಟುವ ದಲಾಲಿ. ಕಾಗದಪತ್ರ ನೋಡುವ ಮೊದಲು ಇಂಜಿನ್ನಿನ ಸದ್ದು ಕೇಳುತ್ತಾನೆ, ಕೇಳಿ ಹೇಳಿದ ಬೆಲೆಗೆ ಎದುರಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅವನ ತಾತ ಕರೀಮಸಾಬ್ ಸಿರುಗುಪ್ಪದ ದನದ ಸಂತೆಯಲ್ಲಿ ಎತ್ತಿನ ಉಸಿರು ಕೇಳಿಯೇ ಬೆಲೆ ಕಟ್ಟುತ್ತಿದ್ದನಂತೆ.

"ಸಾಕಣ್ಣ, ಬಂದ್ ಮಾಡು," ಎಂದ ಖಲಂದರ್, ಟಿಪ್ಪರಿನ ಮಾಲೀಕ ದುರುಗಣ್ಣನಿಗೆ. "ಇಂಜಿನ್ ಒಳಗೊಳಗೇ ಕೆಮ್ಮಾಕತ್ತೈತಿ. ನೀ ಹೇಳಿದ ರೇಟಿಗೆ ಇದನ್ನ ನಿನ್ನ ಅಳಿಯನೂ ತೊಗೊಳ್ಳಂಗಿಲ್ಲ."

"ಅವ ನನ್ನ ಮಗಳನ್ನೇ ತೊಗೊಂಡಾನೋ ಮಾರಾಯ, ಇದೇನು ದೊಡ್ಡದು!"

ಗಲ್ಲಿಯೆಲ್ಲ ನಕ್ಕಿತು. ಟಿಪ್ಪರ್ ನಿಂತಿತು. ಖಲಂದರ್ ಕಣ್ಣು ತೆರೆದ.

ಅವನ ಮೊಣಕಾಲಿಗೆ ಗೇಣು ದೂರದಲ್ಲಿ ಪುಟ್ಟ ಬಿಳಿ ಕಾರೊಂದು ನಿಂತಿತ್ತು. ಗಾಜಿನ ಮೇಲೆಲ್ಲ ಕೆಂಪು ಧೂಳು. ಒಳಗೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ.

"ಯಾ ಅಲ್ಲಾ!"

ಬಾಗಿಲು ತೆರೆದು ಶಮಾ ಇಳಿದಳು.

"ಹೆದರಿದ್ರೇನು?"

"ಹೆದರಿಲ್ರಿ," ಎಂದ ಅವನು, ಎದೆಯ ಮೇಲಿಂದ ಕೈ ತೆಗೆಯದೆ. "ಗಾಡಿ ಬಂತು... ಅದರ ಸದ್ದು ಇನ್ನೂ ಬಂದಿಲ್ಲ. ಕಾಯಾಕತ್ತೀನಿ."

ನಗು ಬಂದರೂ ಶಮಾ ನಗಲಿಲ್ಲ. ನಗುವುದು ಅವಳಿಗೆ ಮರೆತೇಹೋಗಿತ್ತು.

"ಬರಂಗಿಲ್ಲ. ಇದು ಕರೆಂಟಿನ ಕಾರು. ಇದಕ್ಕ ಬೆಲೆ ಕಟ್ಟಬೇಕು."

ದುರುಗಣ್ಣ ಕಾರಿನ ಸುತ್ತ ಒಂದು ಸುತ್ತು ಬಂದ. "ಎಷ್ಟಕ್ಕ ಕೊಡ್ತೀಯಮ್ಮ ಈ ಇಸ್ತ್ರಿ ಪೆಟ್ಟಿಗೀನ?"

"ನಾಲ್ಕು ಲಕ್ಷ."

"ಹೊಸಾದು ಇದಕ್ಕಿಂತ ಕಡಿಮಿಗೆ ಬರತೈತಲ್ಲ ತಾಯೀ!"

ಶಮಾಳಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು. ಯಾರೂ ಕೊಳ್ಳಬಾರದು ಎಂದೇ ಹೇಳಿದ್ದಳು...

ಎಲ್ಲರೂ ನಕ್ಕರು, ಖಲಂದರ್ ಒಬ್ಬನನ್ನು ಬಿಟ್ಟು. ಅವನು ಬಗ್ಗಿ, ಧೂಳನ್ನೂ ಲೆಕ್ಕಿಸದೆ, ಬಾನೆಟ್ಟಿಗೆ ಕಿವಿ ಹಚ್ಚಿದ. ಬಹಳ ಹೊತ್ತು ಹಾಗೆಯೇ ಇದ್ದ. ಎದ್ದಾಗ ಅವನ ಒಂದು ಕೆನ್ನೆ ಕೆಂಪಾಗಿತ್ತು. ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ:

"ಒಳಗ ಯಾರೋ ಉಸಿರು ಬಿಗಿಹಿಡಕೊಂಡು ಕುಂತಂಗ ಐತಿ."

ಈ ಸಲ ಬೆಚ್ಚಿದವಳು ಶಮಾ. ಇಷ್ಟು ದಿನ ತನಗೊಬ್ಬಳಿಗೇ ಗೊತ್ತಿದ್ದದ್ದು... ಇವನಿಗೆ ಹೇಗೆ ಗೊತ್ತಾಯಿತು?!

---

ಕಾರನ್ನು ತಂದವನು ಅವಳ ಗಂಡ ಮಹಮ್ಮದ್ ಗೌಸ್. ಕುರುಗೋಡು ಸುತ್ತಲಿನ ಅಕ್ಕಿ ಗಿರಣಿಗಳಿಗೆ ವೈರಿಂಗ್ ಮಾಡುತ್ತಿದ್ದ ಅವನಿಗೆ ಕರೆಂಟೆಂದರೆ ಹುಚ್ಚು. ಮನೆಯ ಕಿಟಕಿಯಿಂದ ವೈರ್ ಎಳೆದು ಕಾರನ್ನು ಚಾರ್ಜಿಗೆ ಹಾಕಿ, ಬೀದಿಯವರಿಗೆಲ್ಲ ತೋರಿಸುತ್ತಿದ್ದ. "ನೋಡು ಶಮಾ," ಅನ್ನುತ್ತಿದ್ದ, "ಇಡೀ ಜಿಲ್ಲಾದಾಗ ಹೆಂಡ್ತಿ ಮಾತು ಕೇಳಿಸೋ ಗಾಡಿ ಇದೊಂದೇ!"

ಎರಡು ವರ್ಷದ ಹಿಂದೆ, ಕುರುಗೋಡು ರಸ್ತೆಯಲ್ಲಿ ಅದಿರಿನ ಸ್ಟಾಕ್ ಯಾರ್ಡಿಗೆ ಹೋಗುವ ತಿರುವಿನಲ್ಲಿ, ಗಾಜಿಗೆ ಮೆತ್ತಿದ ಧೂಳು ಒರೆಸಲು ಅವನು ಕಾರು ನಿಲ್ಲಿಸಿ ಇಳಿದ. "ಈಗ ಬಂದೆ," ಎಂದ. ಹಿಂದಕ್ಕೆ ಸರಿಯುತ್ತಿದ್ದ ಲಾರಿಗೆ ಅವನು ಕಾಣಲಿಲ್ಲ. ಒಳಗೆ ಕುಳಿತಿದ್ದ ಶಮಾಳಿಗೆ ಗಾಜಿನಾಚೆ ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ.

ಆಮೇಲೆ ಅವಳು ತಾನೇ ಕಾರು ನಡೆಸಲು ಕಲಿತಳು. ಬಳ್ಳಾರಿಯ ರಕ್ತಪರೀಕ್ಷೆಯ ಲ್ಯಾಬಿನ ಕೆಲಸಕ್ಕೆ ದಿನವೂ ಅದರಲ್ಲೇ ಹೋಗಿ ಬಂದಳು. ಹೋಗುವಾಗ ಏನೂ ಇಲ್ಲ. ಬರುವಾಗ, ಆ ತಿರುವು ದಾಟಿದ ಮೇಲೆ...

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆದರೆ ಸೊಸೆ ದಿನವೂ ಕಾರಿನಿಂದ ಇಳಿಯಲು ತಡಮಾಡುವುದನ್ನು, ಖಾಲಿ ಕಾರಿನಲ್ಲಿ ತುಟಿ ಅಲ್ಲಾಡಿಸುವುದನ್ನು ಅತ್ತೆ ಮುಮ್ತಾಜ್ ಬಾಗಿಲ ಮರೆಯಿಂದ ನೋಡಿದ್ದಳು.

"ಬೇಟಿ, ಸತ್ತಾಂವ ನನ್ನ ಮಗ," ಎಂದಿದ್ದಳು ಮುಮ್ತಾಜ್. "ನಾನೇ ಅವನ್ನ ಮಣ್ಣಿಗೆ ಕಳಿಸಿಕೊಟ್ಟೀನಿ. ನೀ ಯಾಕ ಇನ್ನೂ ಅವನ ಸಂಗಾಟ ಓಡಾಡ್ತಿ? ಆ ಗಾಡಿ ಮಾರು."

"ನಾ ಹೇಳಿದ ಬೆಲೆ ಬಂದ್ರ ಮಾರ್ತೀನಿ."

"ಬೆಲೆ ನೀ ಹೇಳಂಗಿಲ್ಲ, ನಾ ಹೇಳಂಗಿಲ್ಲ. ಕೌಲ್ ಬಜಾರಿನ ಖಲಂದರ್ ಹೇಳಲಿ. ಅವ ಹೇಳಿದ ಬೆಲೆಗೆ ಕೊಟ್ಟುಬಿಡೋದು. ಮಾತು ಮುಗೀತು."

ಶಮಾ ಒಪ್ಪಿಕೊಂಡಿದ್ದಳು. ಅವನು ಬೆಲೆ ಹೇಳಿದ ದಿನ ಕಾರು ಹೋಗುತ್ತದೆ. ಕಾರು ಹೋದ ದಿನ ಗೌಸ್ ಹೋಗುತ್ತಾನೆ... ಎರಡನೆಯ ಸಲ. ಅದನ್ನು ತಡೆದುಕೊಳ್ಳಲು ತನ್ನಿಂದ ಆಗುತ್ತದೆಯೇ? ಅವಳಿಗೆ ಗೊತ್ತಿರಲಿಲ್ಲ.

---

"ಕಿವಿಗೆ ಏನೂ ಸಿಗವಲ್ದು," ಎಂದಿದ್ದ ಖಲಂದರ್. "ಹತ್ತಿ ನೋಡಬೇಕು. ಬ್ಯಾಟರಿ ಎಷ್ಟು ದೂರ ಎಳೀತೈತಿ ಅನ್ನೋದರ ಮ್ಯಾಲೆ ಇದರ ಬೆಲೆ. ಎತ್ತಿಗೆ ಹಲ್ಲು ಇದ್ದಂಗ."

ಲ್ಯಾಬಿನ ಕೆಲಸ ಮುಗಿದ ಮೇಲೆ, ಬಿಸಿಲಿಳಿಯುವ ಹೊತ್ತಿಗೆ, ಅವನು ಪಕ್ಕದ ಸೀಟಿನಲ್ಲಿ ಕುಳಿತ. ಕುರುಗೋಡಿನ ಅವಳ ಮನೆಯ ತನಕ ಬಂದು ಬಸ್ಸಿನಲ್ಲಿ ವಾಪಸ್ ಹೋಗುವುದೆಂದು ಮಾತಾಗಿತ್ತು. ಊರ ಗದ್ದಲಕ್ಕೆ ಕಿವಿ ಕೆಡದಿರಲೆಂದು ಇಂಜಿನ್ ಕೇಳುವ ಹೊತ್ತು ಬಿಟ್ಟರೆ ಅವನು ಯಾವಾಗಲೂ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದ. ಕಾರು ಹೊರಟ ಮೇಲೆ ಎರಡೂ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿದ.

"ಇಲ್ಲಿ ಇದು ಬ್ಯಾಡ," ಎಂದ, ತನಗೆ ತಾನೇ ಎಂಬಂತೆ.

ಯಾಕೋ ಆ ಮಾತು ಶಮಾಳ ಮನಸ್ಸಿನಲ್ಲಿ ಉಳಿಯಿತು.

ಎದುರಿನಿಂದ ಲಾರಿಗಳು ಒಂದರ ಹಿಂದೊಂದು ಅಬ್ಬರಿಸಿ ಹೋಗುತ್ತಿದ್ದವು. ಪ್ರತಿ ಲಾರಿ ಹೋದ ಮೇಲೂ ಕೆಂಪು ಮೋಡ, ಮೋಡದೊಳಗೆ ಈ ಕಾರು, ಕಾರಿನೊಳಗೆ ಇಬ್ಬರ ಉಸಿರು. ಚಾರ್ಜಿನ ಮುಳ್ಳು ನಿಧಾನಕ್ಕೆ ಇಳಿಯುತ್ತಿತ್ತು.

ಸ್ಟಾಕ್ ಯಾರ್ಡಿನ ತಿರುವು ಬಂತು. ಶಮಾ ಎಂದಿನಂತೆ ವೇಗ ತಗ್ಗಿಸಿದಳು. ಕಾರು ಒಮ್ಮೆ ಮೆಲ್ಲಗೆ ತೂಗಿತು... ಯಾರೋ ಕಾಲಿಟ್ಟು ಹತ್ತಿದ ದೋಣಿಯ ಹಾಗೆ.

ಅಲ್ಲಿಂದ ಮುಂದೆ ಮುಳ್ಳು ಬೇಗ ಬೇಗ ಇಳಿಯತೊಡಗಿತು.

ಖಲಂದರ್ ಮುಳ್ಳು ನೋಡಿದ. ಅವಳ ಮುಖ ನೋಡಿದ. ಹಿಂದಿನ ಸೀಟಿನ ಕಡೆ ತಿರುಗಲು ಹೋಗಿ ಅರ್ಧಕ್ಕೆ ನಿಂತ.

"ಇಲ್ಲಿಂದ ಏರು ಐತೇನ್ರಿ?"

"ಇಲ್ಲ," ಎಂದಳು ಶಮಾ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವನು ಸುಮ್ಮನೆ ಬಿಡುವವನಲ್ಲ. ಮರುದಿನ ಬ್ರೇಕು ಬಿಚ್ಚಿ ಅದರೊಳಗಿನ ಧೂಳು ತೆಗೆದ. ಅದರ ಮರುದಿನ ಚಕ್ರಕ್ಕೆ ಗಾಳಿ ತುಂಬಿಸಿದ. ತಿರುವಿನಲ್ಲಿ ಇಳಿದು ರಸ್ತೆಯ ಮೇಲೆ ಗೋಲಿ ಇಟ್ಟು ನೋಡಿದ, ಗೋಲಿ ಉರುಳಲಿಲ್ಲ. ಒಂದು ಸಂಜೆ ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆ ಇರಿಸಿಕೊಂಡು ಬಂದ. ಬಳ್ಳಾರಿಯಿಂದ ತಿರುವಿನ ತನಕ ಮುಳ್ಳು ಬೇಗ ಇಳಿಯಿತು... ಮೂಟೆಯಿಲ್ಲದ ದಿನ ತಿರುವಿನಿಂದ ಮನೆಯ ತನಕ ಇಳಿಯುತ್ತಿತ್ತಲ್ಲ, ಸರಿಯಾಗಿ ಹಾಗೆಯೇ.

ಮೂಟೆಯ ಭಾರ ಒಬ್ಬ ಮನುಷ್ಯನ ಭಾರ.

ಆ ಸಂಜೆ ಅವನು ತಿರುವಿನಾಚೆಯ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿದ. ಮೂಟೆಯನ್ನು ಅಲ್ಲಿಯ ಮುದುಕಿ ಚನ್ನವೀರಮ್ಮನಿಗೆ ಕೊಟ್ಟು, ಕಟ್ಟೆಯ ಮೇಲೆ ಕುಳಿತ. ಶಮಾ ಅಲ್ಲಿ ಎಂದೂ ಇಳಿದವಳಲ್ಲ. ಇಂದು ಇಳಿದಳು.

ಚನ್ನವೀರಮ್ಮ ಗ್ಲಾಸುಗಳನ್ನು ತಂದು ಕಟ್ಟೆಯ ಮೇಲಿಟ್ಟಳು. ಮೂರು ಗ್ಲಾಸು.

"ನಾವಿಬ್ಬರೇ ಇದ್ದೀವಿ ಅವ್ವ," ಎಂದ ಖಲಂದರ್.

ಮುದುಕಿ ಕಾರಿನ ಕಡೆ ನೋಡಿದಳು. ಸಂಜೆಯ ಬೆಳಕು ಕೆಂಪು ಗಾಜಿನ ಮೇಲೆ ಬಿದ್ದಿತ್ತು.

"ಹಿಂದ ಕುಂತಾರಲ್ಲಪ್ಪ... ಅವ್ರು ಇಳಿಯಂಗಿಲ್ಲೇನು?"

ರಸ್ತೆಯಲ್ಲಿ ಅಷ್ಟು ಹೊತ್ತು ಬಿಡದೆ ಹೋಗುತ್ತಿದ್ದ ಲಾರಿಗಳು ಒಂದು ಕ್ಷಣ ನಿಂತುಹೋದಂತಾಯಿತು.

ಶಮಾ ಹೇಳಿದಳು. ಎರಡು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನೆಲ್ಲ, ಆ ಕಟ್ಟೆಯ ಮೇಲೆ, ತಲೆ ತಗ್ಗಿಸಿ ಹೇಳಿದಳು. ಗೌಸ್ 'ಈಗ ಬಂದೆ' ಎಂದು ಇಳಿದದ್ದು. ದಿನವೂ ಇಲ್ಲಿಂದ ಹತ್ತಿ ಮನೆಯ ತನಕ ಬರುವುದು. ಅವನು ಇಳಿಯಲೆಂದು ತಾನು ಕಾಯುವುದು...

'ನಕ್ಕುಬಿಡುತ್ತಾನೆ,' ಅಂದುಕೊಂಡಳು. 'ಇಲ್ಲ, ಹುಚ್ಚಿ ಅನ್ನುತ್ತಾನೆ.'

ಖಲಂದರ್ ಮೂರನೆಯ ಗ್ಲಾಸನ್ನು ತೆಗೆದುಕೊಂಡು ಹೋಗಿ ಕಾರಿನ ಬಾನೆಟ್ಟಿನ ಮೇಲಿಟ್ಟು ಬಂದ. ಅಷ್ಟೇ. ಆಮೇಲೆ ತನ್ನ ಚಹಾ ಕುಡಿದ.

ಶಮಾ ಅಂದು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಎರಡು ವರ್ಷದಲ್ಲಿ ಮೊದಲ ಸಲ.

---

ದಿನಗಳು ಹೋದವು. ಬೆಲೆ ಮಾತ್ರ ಬರಲಿಲ್ಲ.

ಖಲಂದರ್ ಬರುತ್ತಿದ್ದ, ಹತ್ತಿ ತೆಗೆದು ಜೇಬಿಗೆ ಹಾಕುತ್ತಿದ್ದ, ಕುಳಿತುಕೊಳ್ಳುತ್ತಿದ್ದ. ಮುಮ್ತಾಜ್ ಅವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. "ತಿನ್ನಪ್ಪ, ದಲಾಲಿಗಳಿಗೆ ಬಾಯಿ ಗಟ್ಟಿ ಇರತೈತಿ ಅಂತಾರ, ನಿನಗ ಹೊಟ್ಟಿ ಗಟ್ಟಿ ಐತಿ," ಎಂದು ನಗುತ್ತಿದ್ದಳು.

ಒಂದು ಸಂಜೆ ಲ್ಯಾಬಿನ ಮುಂದೆ ಅವನಿಗಾಗಿ ಕಾಯುತ್ತ, ಶಮಾ ಕಾರಿನ ಕನ್ನಡಿಯಲ್ಲಿ ತನ್ನ ದುಪಟ್ಟಾ ಸರಿಮಾಡಿಕೊಂಡಳು. ಹಣೆಯ ಮೇಲಿನ ಕೂದಲನ್ನು ಹಿಂದೆ ಸರಿಸಿದಳು. ತುಟಿಯಂಚಿನಲ್ಲಿ ನಗು ಬಂದದ್ದು ಅವಳಿಗೇ ತಿಳಿಯಲಿಲ್ಲ.

ಕನ್ನಡಿಯಲ್ಲಿ ಅವಳ ಮುಖದ ಪಕ್ಕಕ್ಕೆ ಹಿಂದಿನ ಸೀಟು ಕಾಣುತ್ತಿತ್ತು. ಖಾಲಿ ಸೀಟು.

ತಿರುವು ಇನ್ನೂ ಬಂದಿರಲಿಲ್ಲ; ಆದರೂ ಸೀಟಿನ ರೆಕ್ಸಿನ್ ಮೆಲ್ಲಗೆ ತಗ್ಗಿತು.

ಶಮಾ ಕೈ ಕೆಳಗಿಳಿಸಿದಳು. 'ಇದೇನು ಮಾಡ್ತಿದ್ದೀನಿ ನಾನು... ಅವರು ಇಲ್ಲೇ ಇರುವಾಗ!'

ಅಂದು ಖಲಂದರ್ ಬಂದು ಕುಳಿತ ಕೂಡಲೇ ಕೇಳಿದಳು: "ಬೆಲೆ ಏನಾತು?"

"ನೋಡೋಣ್ರಿ."

"ಇನ್ನೂ ಎಷ್ಟು ನೋಡ್ತೀರಿ? ಟಿಪ್ಪರಿಗೆ ಕಣ್ಣು ಮುಚ್ಚಿ ತೆಗೆಯೋದರೊಳಗ ಬೆಲೆ ಹೇಳ್ತೀರಿ. ನನ್ನ ಗಾಡಿಗೆ ಯಾಕಿಲ್ಲ?"

ಅವನು ಕಿಟಕಿಯಾಚೆ ನೋಡಿದ.

ಖಲಂದರ್ ಬೆಲೆ ಹೇಳುತ್ತಿಲ್ಲ ಎಂಬ ಸುದ್ದಿ ಕೌಲ್ ಬಜಾರಿಗೂ ಹಬ್ಬಿತು. ಬೆಲೆ ಕೇಳಲು ಶಮಾ ಮತ್ತೆ ಅವನ ಅಂಗಡಿಗೆ ಹೋದ ದಿನ ದುರುಗಣ್ಣ ಅಲ್ಲಿಯೇ ಇದ್ದ.

"ಬ್ಯಾಡ ತಾಯಿ, ಕೇಳಬ್ಯಾಡ," ಎಂದ ಅವನು ಜೋರಾಗಿ. "ಖಲಂದರ್ ಬೆಲೆ ಕಟ್ಟಲಿಲ್ಲ ಅಂದ್ರ ಅದು ಹೆಣದ ಗಾಡಿ. ಬಜಾರಿನಾಗ ಯಾರೂ ಮುಟ್ಟಂಗಿಲ್ಲ."

ಶಮಾ ಖಲಂದರ್‌ನ ಕಡೆ ನೋಡಿದಳು. 'ಇಲ್ಲ ಅನ್ನು... ಒಂದು ಮಾತು ಅನ್ನು!'

ಅವನು ತಲೆ ತಗ್ಗಿಸಿದ.

"ಸರಿ," ಎಂದಳು ಶಮಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನೀವೂ ಹೆದರಿದ್ರಿ ಅಂತ ಬಾಯಿಬಿಟ್ಟು ಹೇಳಬಹುದಿತ್ತು. ನನ್ನ ಕಥಿ ಕೇಳಿ, ನನ್ನ ಮನಿ ರೊಟ್ಟಿ ತಿಂದು... ಎಲ್ಲರಂಗ ನೀವೂ ಒಂದು ಹೆಜ್ಜಿ ಹಿಂದ ಸರದ್ರಿ. ಇನ್ನ ಬರಬ್ಯಾಡ್ರಿ."

"ಶಮಾ..."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ನಿಲ್ಲಲಿಲ್ಲ. ಕಾರು ಸದ್ದಿಲ್ಲದೆ ಹೊರಟುಹೋಯಿತು.

---

ಮುಂದಿನ ಶುಕ್ರವಾರ ಅವಳು ಒಬ್ಬಳೇ ಸಿರುಗುಪ್ಪಕ್ಕೆ ಹೊರಟಳು.

ಅಲ್ಲಿಯ ಅಕ್ಕಿ ಗಿರಣಿಯ ಯಜಮಾನಿ ದಾಕ್ಷಾಯಣಮ್ಮ ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಬಂದಾಗಲೆಲ್ಲ ಈ ಕಾರನ್ನು ನೋಡಿ, "ಮಾರೋದಿದ್ರ ನನಗ ಹೇಳಬೇ ಹುಡುಗಿ," ಎನ್ನುತ್ತಿದ್ದಳು.

"ಬೆಲೆ ಯಾರು ಕಟ್ಟಿದ್ರು?" ಎಂದು ಕೇಳಿದಳು ಮುಮ್ತಾಜ್, ಬಾಗಿಲಲ್ಲಿ ನಿಂತು.

"ಯಾರೂ ಕಟ್ಟಿಲ್ಲ ಅತ್ತಿ. ನಾನೇ ಕಟ್ಟತೀನಿ."

ಮುಮ್ತಾಜ್ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. "ಹೋಗಿ ಬಾ," ಎಂದಳು ಅಷ್ಟೇ.

ಕುರುಗೋಡಿನ ಬಂಡೆಗಳು ಹಿಂದುಳಿದವು. ಸಿರಿಗೇರಿ ದಾಟಿದ ಮೇಲೆ ಕೆಂಪು ಮುಗಿದು ಹಸಿರು ಶುರುವಾಯಿತು. ಕಾಲುವೆ, ಭತ್ತದ ಗದ್ದೆ, ಬೆಳ್ಳಕ್ಕಿ. ಧೂಳಿಲ್ಲ, ಲಾರಿಯಿಲ್ಲ. ಆದರೂ ಕಾರು ಭಾರವಾಗಿಯೇ ಓಡುತ್ತಿತ್ತು. ತಿರುವು ಈ ದಾರಿಯಲ್ಲಿಲ್ಲ. ಗೌಸ್ ಇಂದು ಅಲ್ಲಿಂದ ಹತ್ತಿದವನಲ್ಲ... ಮನೆಯಿಂದಲೇ ಬಂದಿದ್ದ. ಈ ಪ್ರಯಾಣ ಯಾತಕ್ಕೆಂದು ಅವನಿಗೂ ಗೊತ್ತಾಗಿತ್ತೇ?

ಅವಳು ಕನ್ನಡಿ ನೋಡಲಿಲ್ಲ. ಕುತ್ತಿಗೆಯ ಹಿಂದೆ ಯಾರದೋ ಉಸಿರು ತಾಗಿದಂತೆ ತಣ್ಣಗಾಗುತ್ತಿತ್ತು. ಹೆದರಿಕೆಯೂ ಅಲ್ಲ, ಪ್ರೀತಿಯೂ ಅಲ್ಲ... ಎರಡೂ ಒಂದೇ ಆದ ಏನೋ ಒಂದು.

ಗಿರಣಿಯ ಅಂಗಳಕ್ಕೆ ಬಂದಾಗ ಮುಳ್ಳು ತಳ ಮುಟ್ಟಿತ್ತು.

ದಾಕ್ಷಾಯಣಮ್ಮ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕುರ್ಚಿಯ ಮೇಲೆ ಕುಳಿತಿದ್ದಳು. ಗಿರಣಿ ಅಂದು ನಿಂತಿತ್ತು. ಅಂಗಳದಲ್ಲಿ ಪಾರಿವಾಳಗಳು ಕಾಳು ಹೆಕ್ಕುತ್ತಿದ್ದವು.

"ಬಂದ್ಯಾ? ಬಾ ಬಾ. ಹುಟ್ಟಿದಾಗಿಂದ ಗಿರಣಿ ಸದ್ದು ಕೇಳಿ ತಲಿ ಕೆಟ್ಟು ಹೋಗೈತಿ. ಸದ್ದಿಲ್ಲದ್ದು ಒಂದಾದರೂ ಇರಲಿ. ಬೆಲೆ ಯಾರ ಕಡೆ ಕಟ್ಟಿಸಿದಿ?"

"ಖಲಂದರ್ ಕಡೆ ಹೋಗಿದ್ದೆ..." ಎಂದಳು ಶಮಾ. "ದಿನಾ ಬಂದ್ರು, ನೋಡಿದ್ರು. ಬೆಲೆ ಮಾತ್ರ ಕಟ್ಟಲಿಲ್ಲ."

"ಯಾವ ಖಲಂದರ್? ಕರೀಮಸಾಬನ ಮೊಮ್ಮಗನಾ?"

"ಹೂನ್ರಿ."

ದಾಕ್ಷಾಯಣಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದಳು.

"ಕಟ್ಟಲಿಲ್ಲೇನು! ದಿನಾ ಬಂದು ಕಟ್ಟಲಿಲ್ಲೇನು! ಅಯ್ಯ ನಮ್ಮವ್ವ..."

"ಯಾಕ್ರಿ ನಗ್ತೀರಿ?"

"ಆ ಮನೆತನದ ಕಟ್ಟು ನಿನಗ ಗೊತ್ತಿಲ್ಲೇನು? ಬೆಲೆ ಕಟ್ಟಿದ ಮನಿಗೆ ಅವ್ರು ನೆಂಟರಾಗಂಗಿಲ್ಲ. ನಾಳಿ ಯಾರಾದರೂ, 'ಹೆಣ್ಣು ತರೋ ಮನಿ ಅಂತ ಎತ್ತಿನ ಬೆಲೆ ಹೆಚ್ಚು ಮಾಡಿದ' ಅಂದ್ರ ಏನು ಮಾಡೋದು? ಅದಕ್ಕ. ಕರೀಮಸಾಬ ಸಂತ್ಯಾಗ ಎಲ್ಲರ ಎತ್ತಿಗೂ ಬೆಲೆ ಕಟ್ಟತಿದ್ದ. ಕೆಂಚನಗುಡ್ಡದ ಒಂದು ಮನಿಯವ್ರ ಎತ್ತು ಬಂದ್ರ ಮಾತ್ರ ಮುಖ ತಿರುವತಿದ್ದ. ಎಲ್ಲಾರೂ ಎತ್ತಿಗೆ ರೋಗ ಐತಿ ಅಂದ್ರು. ರೋಗ ಎತ್ತಿಗಲ್ಲಬೇ, ಇವನಿಗೆ! ಮುಂದಿನ ವರ್ಷ ಆ ಮನಿ ಮಗಳನ್ನೇ ನಿಕಾ ಮಾಡಿಕೊಂಡ."

ಶಮಾ ತಿರುಗಿ ಕಾರಿನ ಕಡೆ ನೋಡಿದಳು.

ಖಲಂದರ್‌ನ ಮೌನ... ದುರುಗಣ್ಣನ ಮುಂದೆ ತಗ್ಗಿದ ಆ ತಲೆ... 'ನೋಡೋಣ್ರಿ' ಎಂದು ಕಿಟಕಿಯಾಚೆ ತಿರುಗಿದ ಮುಖ...

ಹೆದರಿ ಹಿಂದೆ ಸರಿದದ್ದಲ್ಲ! ಬೆಲೆ ಹೇಳಿದ್ದರೆ ಆ ಕ್ಷಣವೇ ಅವನು ಅವಳಿಗೆ ಹೊರಗಿನವನಾಗುತ್ತಿದ್ದ. ಎಂದೆಂದಿಗೂ.

"ಅವ್ವಾರ," ಎಂದಳು ಶಮಾ, ಸಾವರಿಸಿಕೊಂಡು. "ಬೆಲೆ ಹೇಳೋಕಿಂತ ಮೊದಲು... ಒಂದೀಟು ನಾನೊಬ್ಬಳೇ ಗಾಡಿ ಹತ್ರ ಇರ್ತೀನಿ."

ದಾಕ್ಷಾಯಣಮ್ಮ ಏನೂ ಕೇಳದೆ ಒಳಗೆ ಹೋದಳು.

ಆ ಕಾರಿಗೆ ಎರಡೇ ಬಾಗಿಲು. ಹಿಂದಿನವರು ಇಳಿಯಬೇಕೆಂದರೆ ಮುಂದಿನ ಸೀಟನ್ನು ಮಡಚಬೇಕು. ಶಮಾ ಎಡಬಾಗಿಲು ತೆರೆದಳು. ಸೀಟನ್ನು ಮುಂದಕ್ಕೆ ಮಡಚಿದಳು. ಒಂದು ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಬಾಗಿಲು ಹಿಡಿದುಕೊಂಡು ನಿಂತಳು.

"ರೀ..." ಎಂದಳು.

ಗಿರಣಿಯ ಅಂಗಳ ಬಾವಿಯ ಹಾಗೆ ಸ್ತಬ್ಧವಾಗಿತ್ತು.

"ಈಗ ಬಂದೆ ಅಂದಿದ್ರಿ. ಬಂದ್ರಿ. ಸುಳ್ಳು ಹೇಳಲಿಲ್ಲ ನೀವು... ದಿನಾ ಬಂದ್ರಿ. ನಾನೇ ನಿಮ್ಮನ್ನ ಇಳಿಯಾಕ ಬಿಡಲಿಲ್ಲ." ಅವಳ ಕಣ್ಣೀರು ಗಲ್ಲದ ಮೇಲಿನ ಧೂಳಿನಲ್ಲಿ ಗೆರೆ ಎಳೆಯಿತು. "ನಾನು ಇಳಿಯಾಕತ್ತೀನಿ ರೀ. ನನಗ ಇನ್ನೂ ಬದುಕೋದು ಐತಿ. ನೀವೂ ಇಳೀರಿ... ಸಾಕಾಗಿರಬೇಕು ನಿಮಗೂ."

ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಕಾರಿನ ಹಿಂಬದಿಯ ಸ್ಪ್ರಿಂಗು ಒಮ್ಮೆ ಕಿರ್ ಎಂದಿತು. ಕಾರು ಬೆರಳಷ್ಟು ಮೇಲೆದ್ದಿತು. ಅವಳ ಮೊಣಕೈಯನ್ನು ತಾಗಿಯೂ ತಾಗದಂತೆ ತಣ್ಣನೆಯ ಗಾಳಿಯೊಂದು ದಾಟಿತು.

ಅಂಗಳದ ಪಾರಿವಾಳಗಳು ಹಾರಲಿಲ್ಲ. ಯಾರಿಗೋ ದಾರಿ ಬಿಡುವಂತೆ ಎರಡೂ ಕಡೆ ಸರಿದವು... ಗೇಟಿನ ತನಕ. ಆಮೇಲೆ ಮತ್ತೆ ಕೂಡಿಕೊಂಡು ಕಾಳು ಹೆಕ್ಕತೊಡಗಿದವು.

---

"ಒಂದು ಲಕ್ಷದ ಇಪ್ಪತ್ತು ಸಾವಿರ," ಎಂದಳು ಶಮಾ, ದಾಕ್ಷಾಯಣಮ್ಮ ಹೊರಬಂದಾಗ. "ಗಾಡಿ ಗಟ್ಟಿ ಐತಿ. ಬ್ಯಾಟರಿ ಮಾತ್ರ ಇನ್ನ ಬಾಳ ದಿನ ಬಾಳಂಗಿಲ್ಲ, ಹೊಸಾದು ನೀವು ಹಾಕಿಸಬೇಕು. ಅದಕ್ಕ ಅಷ್ಟು ಇಳಿಸೀನಿ. ಕುರುಗೋಡಿನಿಂದ ಇಲ್ಲಿತನಕ ಬಂತು, ಅದಕ್ಕಿಂತ ದೂರ ನಂಬಬ್ಯಾಡ್ರಿ."

"ಒಂದು ಲಕ್ಷದ ಹತ್ತು ಮಾಡಿಕೋ."

"ಇಲ್ಲವ್ವ. ಇದು ಹೆಚ್ಚೂ ಅಲ್ಲ, ಕಡಿಮೀನೂ ಅಲ್ಲ."

"ಯಪ್ಪಾ, ಇನ್ನೂ ಆ ಮನಿ ಸೇರಿಲ್ಲ, ಆಗಲೇ ದಲಾಲಿ ಆಗೀದಿ!" ಎಂದು ದಾಕ್ಷಾಯಣಮ್ಮ ಕೈ ಚಾಚಿದಳು. ವ್ಯಾಪಾರ ಮುಗಿಯಿತು.

ಗೇಟಿನಾಚೆ ಬೈಕೊಂದರ 'ಡುಗ್ ಡುಗ್' ಕೇಳಿಸಿತು. ಮೈಯೆಲ್ಲ ಧೂಳು ಮೆತ್ತಿಕೊಂಡು ಖಲಂದರ್ ಇಳಿದ. ಅವಳನ್ನೂ ಕಾರನ್ನೂ ನೋಡುತ್ತ ನಿಂತ.

"ನಿಮ್ಮ ಅತ್ತಿ ಫೋನ್ ಮಾಡಿದ್ರು," ಎಂದ. "ಹಿಂದಿಂದ ಹೋಗು ಅಂದ್ರು."

"ಅತ್ತಿಗೆ ಗೊತ್ತಿತ್ತೇನು?"

"ನಾನೇ ಹೇಳಿದ್ದೆ... ಕಟ್ಟು ಮುರಿದು ಬೆಲೆ ಹೇಳಾಕ ಆಗಂಗಿಲ್ಲ, ನನಗ ನಿಮ್ಮ ಸೊಸಿ ಬೇಕು ಅಂತ. 'ಅವಳಾಗೇ ಆ ಗಾಡಿಯಿಂದ ಇಳೀಲಿ. ಅಲ್ಲಿತನಕ ಬಾಯಿ ಬಿಟ್ರ ನೋಡು' ಅಂದ್ರು. ಅದಕ್ಕ ದುರುಗಣ್ಣ ಅಷ್ಟು ಅಂದ್ರೂ ಸುಮ್ಮನಿದ್ದೆ. ಬಾಳ ನೋವು ಮಾಡಿದೆ ನಿಮಗ."

"ಮಾಡಿದ್ರಿ," ಎಂದಳು ಶಮಾ. "ನಾನೂ ಮಾಡಿದೆ."

ಅವನು ಕಾರಿನ ಬಳಿ ಹೋಗಿ, ಅಭ್ಯಾಸಬಲದಿಂದ, ಬಾನೆಟ್ಟಿಗೆ ಕಿವಿ ಹಚ್ಚಿದ. ಮೆಲ್ಲಗೆ ತಲೆಯೆತ್ತಿದ.

"ಖಾಲಿ ಐತಿ," ಎಂದ.

"ಹೌದು. ಇಳಿದ್ರು."

ಇಬ್ಬರೂ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡಿದರು. ಆಚೆ ರಸ್ತೆಯ ಮೇಲೆ ಸಂಜೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

"ಶಮಾ... ಇನ್ನ ನಾನು ಕೇಳಬಹುದಾ?"

"ಕೇಳಬ್ಯಾಡ್ರಿ," ಎಂದಳು ಅವಳು. ಅವನ ಮುಖ ಬಾಡುವಷ್ಟರಲ್ಲಿ ಬೈಕಿನ ಹಿಂದಿನ ಸೀಟಿನ ಧೂಳನ್ನು ತನ್ನ ದುಪಟ್ಟಾದಿಂದ ಒರೆಸಿದಳು. "ಕತ್ತಲಾಗೋದರೊಳಗ ಅತ್ತಿ ಮುಂದ ಕೇಳ್ರಿ. ಆಕಿ ಮುಂದ ಹೂ ಅಂತೀನಿ."

ಖಲಂದರ್ ನಕ್ಕ. ಮಗುವಿನ ಹಾಗೆ, ಬಾಯಿ ತುಂಬ. ಬೈಕಿಗೆ ಒದೆ ಕೊಟ್ಟ; ಅದು ಗುಡುಗಿ, ಹೊಗೆ ಬಿಟ್ಟು, ಅಂಗಳದ ಪಾರಿವಾಳಗಳನ್ನೆಲ್ಲ ಆಕಾಶಕ್ಕೆ ಹಾರಿಸಿತು.

"ಬಾಳ ಸದ್ದು ಮಾಡತೈತ್ರಿ ಇದು!" ಎಂದು ನಾಚಿಕೊಂಡು ಕೂಗಿದ.

ಶಮಾ ಹತ್ತಿ ಕುಳಿತು ಅವನ ಭುಜದ ಮೇಲೆ ಕೈಯಿಟ್ಟಳು. ಬೆಚ್ಚಗಿನ ಭುಜ.

"ಮಾಡ್ಲಿ ಬಿಡ್ರಿ... ನೀವು ಮನಿಗೆ ಬರೋದು ಓಣಿ ತುದಿಯಾಗೇ ಕೇಳತೈತಿ."

"ದಿನಾ?"

"ದಿನಾ."